ಗುರುವಂದನೆಯ ಅಳತೆ: ಓರಿಗೆನನ ಎದುರಿನಲ್ಲಿ ಒಬ್ಬ ಶಿಷ್ಯನ ಕೃತಜ್ಞತಾ ಭಾಷಣ

ದೇವರ ವಾಕ್ಯವನ್ನು ತಿಳಿಸಿದ ನಾಯಕರನ್ನು ಸ್ಮರಿಸಬೇಕೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ವಿಧಿಸುತ್ತದೆ. ಗುರುವೆಂದು ಕರೆಸಿಕೊಳ್ಳಬೇಡಿರೆಂದು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರನ್ನು ಎಚ್ಚರಿಸುತ್ತಾನೆ. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ? ಆದಿಸಭೆಯಲ್ಲಿ ಶಿಷ್ಯನೊಬ್ಬನು ತನ್ನ ಗುರುವಿನ ಸಮ್ಮುಖದಲ್ಲಿಯೇ ಮಾಡಿದ ಭಾಷಣವೊಂದು ನಮಗೆ ಉಳಿದು ಬಂದಿದೆ. ಅದರ ಗುಣವೂ ದೋಷವೂ ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತವೆ.

ಪೊಂತ ಸೀಮೆಯ ಯುವಕನಾದ ಗ್ರೆಗೊರಿಯು ರೋಮನ್ ನ್ಯಾಯಶಾಸ್ತ್ರವನ್ನು ಕಲಿಯಲು ಬೆರೂತಿಗೆ ಹೋಗಬೇಕಾಗಿದ್ದವನು. ಅವನ ಭಾವನು ಪಾಲೆಸ್ತೀನದ ಅಧಿಪತಿಯ ಕೈಕೆಳಗೆ ಅಧಿಕಾರಿಯಾಗಿದ್ದನು. ಸಹೋದರಿಯನ್ನು ಗಂಡನ ಬಳಿಗೆ ಕರೆದೊಯ್ಯಲು ಬಂದ ಸೈನಿಕನೊಡನೆ ಗ್ರೆಗೊರಿಯೂ ಕೈಸರೈಯಕ್ಕೆ ಬಂದನು. ಅಲ್ಲಿ ಕಲಿಸುತ್ತಿದ್ದ ಓರಿಗೆನನ ಮಾತಿಗೆ ಸಿಕ್ಕಿದವನು ಬೆರೂತನ್ನು ಮರೆತನು. ಗ್ರೆಗೊರಿಯೂ ಅವನ ಸಹೋದರ ಅಥೆನೊದೋರನೂ ಐದು ವರ್ಷ ಅಲ್ಲಿದ್ದರೆಂದು ಚರಿತ್ರೆಕಾರ ಯುಸೇಬಿಯಸನು ಬರೆದಿದ್ದಾನೆ. ಸುಮಾರು 238ರಲ್ಲಿ ಊರಿಗೆ ಮರಳುವ ಮುನ್ನ ಮಾಡಿದ್ದು ಈ ಭಾಷಣ. ಇದರ ಕರ್ತೃತ್ವವನ್ನು ಕುರಿತು ಆಧುನಿಕ ವಿದ್ವಾಂಸರಲ್ಲಿ ಕೆಲವರಿಗೆ ಸಂದೇಹವುಂಟು. ಪರಂಪರೆಯು ಒಪ್ಪಿರುವ ಹೆಸರನ್ನೇ ನಾವು ಇಲ್ಲಿ ಬಳಸುತ್ತೇವೆ.

ಭಾಷಣದ ಆರಂಭವು ನಮಗೆ ಒಪ್ಪಿಗೆಯಾಗುವುದಿಲ್ಲ. ತಾನು ಹೊಗಳಲಿರುವವನು ನೋಟಕ್ಕೆ ಮನುಷ್ಯನಾದರೂ ಅವನ ಸಾಮರ್ಥ್ಯವು ದೈವಿಕವೆನ್ನುವಷ್ಟು ಉನ್ನತವಾದದ್ದೆಂದು ಗ್ರೆಗೊರಿ ಸಾರುತ್ತಾನೆ. ಅಂದಿನ ವಾಗ್ಮಿಗಳ ಶಾಲೆಗಳಲ್ಲಿ ಇಂತಹ ಪೀಠಿಕೆ ವಾಡಿಕೆಯಾಗಿತ್ತು. ವಾಡಿಕೆಯೆಂಬ ಕಾರಣಕ್ಕೆ ಅದು ನಿರ್ದೋಷವಾಗುವುದಿಲ್ಲ. ಇಂತಹ ಸ್ತುತಿಯನ್ನು ಯಾವ ಗುರುವಿಗೂ ಸಲ್ಲಿಸಬಹುದು. ಆದುದರಿಂದಲೇ ಅದು ಯಾವ ಗುರುವನ್ನೂ ನಮಗೆ ತೋರಿಸುವುದಿಲ್ಲ.

ಗ್ರೆಗೊರಿಯು ಪಾಠದ ಕ್ರಮವನ್ನು ವರ್ಣಿಸತೊಡಗಿದಾಗ ಭಾಷಣಕ್ಕೆ ಜೀವ ಬರುತ್ತದೆ. ಓರಿಗೆನನು ಶಿಷ್ಯರನ್ನು ಮುಳ್ಳುಕಳೆ ಬೆಳೆದ ಬೀಳುನೆಲವನ್ನು ರೈತನು ಪರೀಕ್ಷಿಸುವಂತೆ ಪರೀಕ್ಷಿಸಿದನು. ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಕೇಳಿ, ಅವರು ಯೋಚಿಸದೆ ನಂಬಿಕೊಂಡಿದ್ದುದನ್ನು ಬೇರುಸಹಿತ ಕಿತ್ತನು. ನೆಲ ಹದವಾದ ಮೇಲೆಯೇ ಬೀಜ ಬಿತ್ತಿದನು. ತರ್ಕ, ಪ್ರಕೃತಿಯ ಅಧ್ಯಯನ, ರೇಖಾಗಣಿತ, ಖಗೋಳ, ನೀತಿ ಇವೆಲ್ಲವನ್ನೂ ದಾಟಿಸಿ ಕೊನೆಗೆ ದೈವಜ್ಞಾನಕ್ಕೂ ಪವಿತ್ರಗ್ರಂಥದ ವಿವರಣೆಗೂ ಕರೆತಂದನು. ನೀತಿಯನ್ನು ಮಾತಿಗಿಂತ ನಡತೆಯಿಂದ ಕಲಿಸಿದನು. ಇಲ್ಲಿ ಗುರುವಿನ ಮಹಿಮೆಯ ಬಣ್ಣನೆಯಿಲ್ಲ. ತಾನು ಪಡೆದದ್ದೇನು, ಅದು ಹೇಗೆ ಕೈಸೇರಿತು ಎಂಬ ಲೆಕ್ಕವಿದೆ. ಕೃತಜ್ಞತೆಯೆಂದರೆ ಮೊದಲು ಈ ಲೆಕ್ಕವನ್ನು ಒಪ್ಪಿಸುವುದೇ ಎಂದು ನಾವು ತಿಳಿಯುತ್ತೇವೆ.

ಇದೇ ಭಾಗದಲ್ಲಿ ಹೊಗಳಿಕೆಯು ತನ್ನನ್ನು ತಾನೇ ತಡೆದುಕೊಳ್ಳುವ ಸಂದರ್ಭವೊಂದಿದೆ. ತನ್ನ ಗುರುವೇ ಜ್ಞಾನಿಯ ಪರಿಪೂರ್ಣ ಮಾದರಿಯೆಂದು ಹೇಳಲು ಗ್ರೆಗೊರಿಗೆ ಮನಸ್ಸಿದೆ. ಆದರೆ ಸತ್ಯವನ್ನೇ ಹೇಳುತ್ತೇನೆಂದು ಮಾತು ಕೊಟ್ಟುದರಿಂದ ಅಷ್ಟು ಹೇಳದೆ, ಆ ಮಾದರಿಯಂತಾಗಲು ಸರ್ವಶಕ್ತಿಯಿಂದ ಶ್ರಮಿಸುವವನು ಎಂದಷ್ಟೇ ಹೇಳಿ ನಿಲ್ಲಿಸುತ್ತಾನೆ. ಪೀಠಿಕೆಯ ಅತಿಶಯೋಕ್ತಿಗಿಂತ ಈ ಸಂಯಮದಲ್ಲಿಯೇ ಓರಿಗೆನನಿಗೆ ಹೆಚ್ಚಿನ ಗೌರವ ಸಂದಿದೆ. ಈ ಸಂಯಮವನ್ನು ಕಲಿಸಿದವನೂ ಓರಿಗೆನನೇ. ದೇವರಿಲ್ಲವೆನ್ನುವವರನ್ನು ಬಿಟ್ಟು ಉಳಿದ ತತ್ತ್ವಜ್ಞರೆಲ್ಲರನ್ನೂ ಓದಿಸಿದ ಅವನು, ಎಷ್ಟೇ ಖ್ಯಾತನಾದವನಿಗೂ ಬುದ್ಧಿಯನ್ನು ಒಪ್ಪಿಸಿಬಿಡಬಾರದು, ದೇವರಿಗೂ ಆತನ ಪ್ರವಾದಿಗಳಿಗೂ ಮಾತ್ರ ಅಂಟಿಕೊಳ್ಳಬೇಕು ಎಂದು ಬೋಧಿಸಿದನೆಂದು ಗ್ರೆಗೊರಿಯೇ ಹೇಳುತ್ತಾನೆ.

ಕೊನೆಯ ಭಾಗದಲ್ಲಿ ಶಿಷ್ಯನು ಈ ಬೋಧನೆಯನ್ನು ಕ್ಷಣಕಾಲ ಮರೆಯುತ್ತಾನೆ. ಗುರುವನ್ನು ಅಗಲುವುದು ಆದಾಮನು ಪರದೈಸನ್ನು ತೊರೆದಂತೆ, ಕಿರಿಯ ಮಗನು ತಂದೆಯ ಮನೆಯಿಂದ ದೂರದೇಶಕ್ಕೆ ಹೊರಟಂತೆ, ಯೆಹೂದ್ಯರು ಬಾಬೆಲಿಗೆ ಸೆರೆಹೋದಂತೆ ಎಂದು ಅವನು ಗೋಳಿಡುತ್ತಾನೆ. ದುಃಖವು ನಿಜವಾದದ್ದು; ಹೋಲಿಕೆಯು ಮಾತ್ರ ಅಪಾಯಕರ. ದೇವರ ಸನ್ನಿಧಿಯು ಗುರುವಿನ ಮನೆಯಲ್ಲಿ ಮಾತ್ರವಿದೆಯೆಂಬ ಅರ್ಥಕ್ಕೆ ಅದು ಎಡೆಮಾಡುತ್ತದೆ. ಆದರೆ ಅವನು ಅಲ್ಲಿಯೇ ನಿಲ್ಲುವುದಿಲ್ಲ. ಎಲ್ಲವನ್ನೂ ಕಾಯುವ ವಾಕ್ಯನಾದ ಕ್ರಿಸ್ತನನ್ನು ನೆನೆದು, ತಾನು ಬೀಜಗಳನ್ನು ಹೊತ್ತು ಹೋಗುತ್ತಿರುವುದಾಗಿ ಹೇಳಿ, ತನಗಾಗಿ ಪ್ರಾರ್ಥಿಸೆಂದು ಗುರುವನ್ನು ಬೇಡುತ್ತಾನೆ. ಇಲ್ಲಿ ಗುರುಶಿಷ್ಯರಿಬ್ಬರೂ ದೇವರ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಗ್ರೆಗೊರಿಯೆಂಬ ಶಿಷ್ಯನಿಗೆ ಓರಿಗೆನನು ಬರೆದ ಒಂದು ಪತ್ರವೂ ದೊರೆತಿದೆ. ಇಸ್ರಾಯೇಲ್ಯರು ಐಗುಪ್ತದ ಚಿನ್ನವನ್ನು ದೇವರ ಗುಡಾರಕ್ಕೆ ಬಳಸಿದಂತೆ ಗ್ರೀಕರ ವಿದ್ಯೆಯನ್ನು ಬಳಸೆಂದೂ, ಪವಿತ್ರಗ್ರಂಥವನ್ನು ಶ್ರದ್ಧೆಯಿಂದ ಓದೆಂದೂ, ತಟ್ಟುವುದು ಸಾಲದು, ಪ್ರಾರ್ಥಿಸಬೇಕೆಂದೂ ಅದು ಹೇಳುತ್ತದೆ. ಶಿಷ್ಯನ ದೃಷ್ಟಿಯನ್ನು ತನ್ನಿಂದಾಚೆಗೆ ತಿರುಗಿಸುವವನೇ ಗೌರವಕ್ಕೆ ಅರ್ಹನಾದ ಗುರು.

ಈ ವಿಚಾರದ ಗಂಭೀರತೆಯು ಮುಂದಿನ ಚರಿತ್ರೆಯಿಂದ ತಿಳಿಯುತ್ತದೆ. ದೆಕಿಯಸ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ ಓರಿಗೆನನು ಸೆರೆಮನೆಯಲ್ಲಿ ಚಿತ್ರಹಿಂಸೆಯನ್ನು ಸಹಿಸಿದನು. ಆದರೂ 553ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯ ಶಾಪವಾಕ್ಯಗಳಲ್ಲಿ ಅವನ ಹೆಸರು ಪಾಷಂಡಿಗಳ ಸಾಲಿಗೆ ಸೇರಿತು. ಅವನ ಶಿಷ್ಯನನ್ನೋ ಸಭೆಯು ಅದ್ಭುತಕಾರ ಸಂತನೆಂದು ಸ್ಮರಿಸುತ್ತದೆ. ಗುರುವಿನ ತಪ್ಪನ್ನು ಒಪ್ಪಿಕೊಂಡರೆ ಗೌರವವು ಅಳಿಯುವುದೇ? ಗುರುವು ತಪ್ಪಲಾರನೆಂಬುದರ ಮೇಲೆ ಗೌರವವನ್ನು ಕಟ್ಟಿದ್ದರೆ ಅಳಿಯುತ್ತದೆ. ಪಡೆದುದರ ಪ್ರಾಮಾಣಿಕ ಲೆಕ್ಕದ ಮೇಲೆ ಕಟ್ಟಿದ್ದರೆ ಉಳಿಯುತ್ತದೆ.

ಗುರುವೆಂಬ ಪದಕ್ಕೆ ಕನ್ನಡ ನಾಡಿನಲ್ಲಿ ದೇವರ ಹೆಸರಿಗೆ ಸಮೀಪವಾದ ತೂಕವುಂಟು. ಆದುದರಿಂದ ನಮ್ಮ ಬೀಳ್ಕೊಡುಗೆಯ ಭಾಷಣಗಳೂ ಅಭಿನಂದನ ಗ್ರಂಥಗಳೂ ಗ್ರೆಗೊರಿಯ ಪೀಠಿಕೆಯನ್ನು ಸುಲಭವಾಗಿ ಅನುಸರಿಸುತ್ತವೆ. ಅವನ ನಡುಭಾಗವನ್ನು ಅನುಸರಿಸುವುದು ವಿರಳ. ಸಭಾಪಾಲಕರೊಬ್ಬರು ನಿವೃತ್ತರಾಗುವಾಗ ಅವರು ಯಾವ ವಾಕ್ಯವನ್ನು ನಮಗೆ ತೆರೆದು ತೋರಿಸಿದರು, ಯಾವ ಅಭ್ಯಾಸವನ್ನು ಬಿಡಿಸಿದರು, ಯಾವ ಪ್ರಶ್ನೆಯನ್ನು ಕೇಳಲು ಕಲಿಸಿದರು ಎಂಬುದನ್ನು ಹೇಳಬಲ್ಲೆವಾದರೆ ಅದೇ ಗುರುವಂದನೆ. ಇಬ್ರಿಯರ ಪತ್ರಿಕೆಯು ನಾಯಕರ ಸ್ಮರಣೆಯನ್ನು ವಿಧಿಸಿದ ಮರುವಚನದಲ್ಲಿಯೇ ಎಂದಿಗೂ ಬದಲಾಗದ ಯೇಸು ಕ್ರಿಸ್ತನ ಹೆಸರನ್ನು ಹೇಳುತ್ತದೆ. ನಮ್ಮ ಸ್ಮರಣೆಯ ಮಾತುಗಳೂ ಅದೇ ಕ್ರಮದಲ್ಲಿ ಸಾಗಲಿ.