ತಾಗಿದೆಯೋ, ಬರೀ ಹತ್ತಿರವಿದೆಯೋ? ಪ್ರೋಟೀನ್ ರಚನೆಯಲ್ಲಿ ‘ಸಂಪರ್ಕ’ದ ಅಳತೆಗೋಲು: ಒಂದು ವಿಮರ್ಶೆ

ಪೀಠಿಕೆ



ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಒಂದು ಸರಪಣಿ. ಆ ಸರಪಣಿಯ ಒಂದೊಂದು ಮಣಿಗೆ ರೆಸಿಡ್ಯೂ ಎನ್ನುತ್ತೇವೆ. ಸರಪಣಿ ಮಡಚಿಕೊಂಡಾಗ 10ನೆಯ ಮಣಿ 90ನೆಯ ಮಣಿಯ ಪಕ್ಕಕ್ಕೆ ಬಂದು ಕೂಡಬಹುದು. ಇಂಥ ನೆರೆಹೊರೆಯನ್ನು ಪಟ್ಟಿ ಮಾಡಿ, ಅದರಿಂದ ಪ್ರೋಟೀನಿನ ಗಟ್ಟಿತನ, ಕೆಲಸ, ರೋಗ ಇವುಗಳ ಬಗ್ಗೆ ತೀರ್ಮಾನಕ್ಕೆ ಬರುವುದೇ ಸಂಪರ್ಕ ವಿಶ್ಲೇಷಣೆ.

ಇದು ನಮ್ಮಂಥ ಊರಿನವರಿಗೆ ಯಾಕೆ ಬೇಕು? ನಮ್ಮ ಪದವಿ ಕಾಲೇಜುಗಳಲ್ಲಿ ಪ್ರೋಟೀನ್ ಹರಳಿನ ರಚನೆ ಬಿಡಿಸುವ ಯಂತ್ರ ಇರೋದಿಲ್ಲ. ಆದರೆ 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ಪುಕ್ಕಟೆ ತೆರೆದಿದೆ. ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಒಂದು ಲ್ಯಾಪ್‌ಟಾಪ್ ಇದ್ದರೆ ಅಕ್ಕಲಕೋಟೆಯ ಮನೆಯಲ್ಲೇ ಕೂತು ಸಂಶೋಧನೆ ಮಾಡಬಹುದು. ನಮಗೆ ತೆರೆದಿರುವ ದೊಡ್ಡ ಬಾಗಿಲು ಇದು. ಅದಕ್ಕೇ ಈ ಬಾಗಿಲಿನಿಂದ ಒಳಗೆ ಬರುವ ಅಸಡ್ಡೆಯ ಬಗ್ಗೆ ಇವತ್ತು ಸ್ವಲ್ಪ ಖಡಕ್ಕಾಗಿ ಮಾತಾಡಬೇಕೆಂದಿದ್ದೇನೆ.

ನನ್ನ ವಾದ ಒಂದೇ. ‘ಸಂಪರ್ಕ’ ಅನ್ನೋದು ರಚನೆಯೊಳಗೆ ಬಿದ್ದಿರುವ ವಸ್ತುವಲ್ಲ. ಅದು ಅಳೆಯುವವರು ಮಾಡಿದ ತೀರ್ಮಾನ. ಯಾವ ಅಳತೆಗೋಲು, ಯಾಕೆ ಅದೇ ಅಂತ ಹೇಳದ ಪ್ರಬಂಧ ಅರ್ಧ ಪ್ರಬಂಧ.

ಒಂದು ಉದಾಹರಣೆ ನೋಡ್ರಿ. ಗುರುವಾರ ಸೊಲ್ಲಾಪುರದಿಂದ ಅಕ್ಕಲಕೋಟೆ ಬಸ್ಸು ಹತ್ತಿದರೆ ಭುಜಕ್ಕೆ ಭುಜ ಹತ್ತಿರತದ. ಪಕ್ಕದವರ ಹೆಸರೂ ಗೊತ್ತಿರಂಗಿಲ್ಲ. ಹತ್ತಿರ ಇದ್ದಾರೆ, ಸಂಬಂಧ ಇಲ್ಲ. ದೂರದಿಂದ ಫೋಟೋ ತೆಗೆದವರು ಮಾತ್ರ ‘ಇವರಿಬ್ಬರೂ ಒಂದೇ ಮನಿಯವರು’ ಅಂದಾರು. ನಮ್ಮ ಎಷ್ಟೋ ವಿಶ್ಲೇಷಣೆಗಳು ಆ ಫೋಟೋದವರ ಮಾತಿನಂತೆಯೇ ಇವೆ.

ಟೀಕೆಯಿಂದ ಹುಟ್ಟಿದ ನಕ್ಷೆ

ಭಾರತದಲ್ಲಿ ಈ ಪ್ರಶ್ನೆಗೆ ಹಳೆಯ ಚರಿತ್ರೆ ಇದೆ. 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ಕೊಲಾಜೆನ್‌ಗೆ ಮೂರೆಳೆಯ ರಚನೆಯನ್ನು ಸೂಚಿಸಿದರು. 1955ರಲ್ಲಿ ಅದನ್ನು ತಿದ್ದಿ, ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂದರು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಇದನ್ನು ಆಕ್ಷೇಪಿಸಿದರು. ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂಬುದು ಅವರ ತಕರಾರು.

ರಾಮಚಂದ್ರನ್ ಆ ಟೀಕೆಗೆ ಬರೀ ಮಾತಿನಲ್ಲಿ ಉತ್ತರ ಕೊಡಲಿಲ್ಲ. ‘ಇರಬಾರದಷ್ಟು ಹತ್ತಿರ’ ಅಂದರೆ ಎಷ್ಟು ಎಂದು ಕೇಳಿಕೊಂಡರು. ಆಗ ಗೊತ್ತಿದ್ದ ಹರಳುಗಳಲ್ಲಿ ಪರಮಾಣುಗಳು ನಿಜವಾಗಿ ಎಷ್ಟು ಸನೀಪ ಬರುತ್ತವೆ ಅಂತ ಲೆಕ್ಕ ಹಾಕಿಸಿದರು. ಅದರ ಫಲವೇ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ, ಇಂದು ಜಗತ್ತೇ ರಾಮಚಂದ್ರನ್ ನಕ್ಷೆ ಎಂದು ಕರೆಯುವ ಚಿತ್ರ.

ವಿಮರ್ಶಕನಾಗಿ ನಾನು ಬೊಟ್ಟು ಮಾಡುವುದು ಆ ಲೇಖನದ ಒಂದು ವಿವರಕ್ಕೆ. ಅವರು ಒಂದೇ ಗಡಿ ಹಾಕಲಿಲ್ಲ, ಎರಡು ಹಾಕಿದರು. ಎರಡು ಕಾರ್ಬನ್ ಪರಮಾಣುಗಳ ನಡುವೆ ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮ್, ತೀರಾ ಕಡೆಯ ಮಿತಿ 3.0. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ. ಅಷ್ಟು ಸಣ್ಣ ವ್ಯತ್ಯಾಸಕ್ಕೂ ನಕ್ಷೆಯ ಒಪ್ಪಿತ ಪ್ರದೇಶ ಹೇಗೆ ಹಿಗ್ಗುತ್ತದೆ ಎಂಬುದನ್ನು ಓದುಗರ ಕಣ್ಣ ಮುಂದೆ ಇಟ್ಟರು. ಅಳತೆಗೋಲನ್ನು ಮುಚ್ಚಿಡಲಿಲ್ಲ. ಇದನ್ನೇ ನಾನು ಪ್ರಾಮಾಣಿಕ ವಿಶ್ಲೇಷಣೆ ಅನ್ನೋದು.

ಅಳತೆ ಬದಲಾದರೆ ನಾಯಕರೂ ಬದಲು

ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗ ಕಟ್ಟಿದರು. ಅದೇ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ ಪ್ರೋಟೀನನ್ನು ಒಂದು ಜಾಲವಾಗಿ ನೋಡುವ ದಾರಿ ಹಾಕಿತು. ಕೆ. ವಿ. ಬ್ರಿಂದಾ ಜೊತೆ ಅವರು 2005ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಮೇಲಿಂದ ಮೇಲೆ ಉಲ್ಲೇಖವಾಗುತ್ತದೆ.

ಅವರ ವಿಧಾನ ಹೀಗಿದೆ. ಎರಡು ರೆಸಿಡ್ಯೂಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗಿರುವ ಪರಮಾಣು ಜೋಡಿಗಳನ್ನು ಎಣಿಸಬೇಕು. ಆದರೆ ಟ್ರಿಪ್ಟೊಫ್ಯಾನ್ ದೊಡ್ಡದು, ಅಲನೀನ್ ಸಣ್ಣದು. ದೊಡ್ಡವರಿಗೆ ಸಹಜವಾಗಿ ಹೆಚ್ಚು ನೆರೆಯವರು. ಆದ್ದರಿಂದ ಆ ಎಣಿಕೆಯನ್ನು ಎರಡೂ ರೆಸಿಡ್ಯೂಗಳ ಗಾತ್ರಕ್ಕೆ ತಕ್ಕ ಸಂಖ್ಯೆಗಳಿಂದ ಭಾಗಿಸಿ, ಶೇಕಡಾವಾರಿನಲ್ಲಿ ಸಂಪರ್ಕದ ಬಲ ಹೇಳುತ್ತಾರೆ. ಆಮೇಲೆ ‘ಇಷ್ಟಕ್ಕಿಂತ ಹೆಚ್ಚು ಬಲವಿದ್ದರೆ ಮಾತ್ರ ಗೆರೆ ಎಳೆ’ ಎಂಬ ಮಿತಿಯನ್ನು ಒಂದೇ ಕಡೆ ನಿಲ್ಲಿಸದೆ, ಏರಿಸುತ್ತಾ ಹೋಗಿ ಜಾಲ ಹೇಗೆ ಒಡೆಯುತ್ತದೆ ಎಂದು ನೋಡುತ್ತಾರೆ.

ಫಲಿತಾಂಶ ಕುತೂಹಲದ್ದು. ಮಿತಿ ಹೆಚ್ಚಿದ್ದಾಗ ಬಹಳ ಗೆರೆಗಳು ಸೇರುವ ಕೇಂದ್ರಗಳಾಗಿ ಆರೊಮ್ಯಾಟಿಕ್ ರೆಸಿಡ್ಯೂಗಳು, ಆರ್ಜಿನೀನ್, ಹಿಸ್ಟಿಡೀನ್, ಮಿಥಿಯೋನೀನ್ ಕಾಣುತ್ತವೆ. ಮಿತಿ ಇಳಿಸಿದರೆ ಲ್ಯೂಸೀನ್, ಐಸೊಲ್ಯೂಸೀನ್ ಕೂಡ ಬಂದು ಸೇರುತ್ತವೆ. ಅಂದರೆ ಗೋಲು ಬದಲಾದರೆ ಊರ ಗೌಡರೂ ಬದಲಾಗ್ತಾರ. ಒಂದೇ ಮಿತಿಯಲ್ಲಿ ಚಿತ್ರ ಬಿಡಿಸಿ ‘ಇದೇ ಮುಖ್ಯ ರೆಸಿಡ್ಯೂ’ ಎಂದು ಬರೆಯುವವರಿಗೆ ಈ ಲೇಖನವೇ ಉತ್ತರ.

ಮೆಚ್ಚುಗೆಯ ಜೊತೆಗೆ ನನಗೆ ಮೂರು ತಕರಾರುಗಳಿವೆ. ಒಂದು, ಪಕ್ಕದ ಸರಪಣಿಗಳ ಈ ಜಾಲದಲ್ಲಿ ಬೆನ್ನೆಲುಬಿನ ಹೈಡ್ರೋಜನ್ ಬಂಧಗಳು ಕಾಣುವುದಿಲ್ಲ. ಆಲ್ಫಾ ಸುರುಳಿಯನ್ನು ಹಿಡಿದಿಟ್ಟಿರುವುದು ಅವೇ. ಎರಡು, ಜೋಡಿಗಳ ಎಣಿಕೆ ಶಕ್ತಿಯ ಲೆಕ್ಕವಲ್ಲ. ವಿದ್ಯುದಂಶವುಳ್ಳ ಎರಡು ರೆಸಿಡ್ಯೂಗಳು ಕೆಲವೇ ಪರಮಾಣುಗಳಿಂದ ಬಿಗಿಯಾಗಿ ಹಿಡಿದಿರಬಹುದು, ಎಣಿಕೆಯಲ್ಲಿ ಮಾತ್ರ ಹಿಂದೆ ಬೀಳುತ್ತವೆ. ಇದನ್ನು ಅದೇ ತಂಡ ಮನಗಂಡು 2010ರಲ್ಲಿ ಶಕ್ತಿ ಆಧಾರಿತ ಜಾಲವನ್ನು ಪ್ರಕಟಿಸಿತು ಎಂಬುದನ್ನೂ ಹೇಳಬೇಕು. ಮೂರು, ಹರಳಿನ ರಚನೆ ನಿಂತ ಚಿತ್ರ; ಜೀವಕೋಶದಲ್ಲಿ ಪ್ರೋಟೀನ್ ಅಲುಗಾಡುತ್ತಿರುತ್ತದೆ. 2007ರಲ್ಲಿ ಅಮಿತ್ ಘೋಷ್ ಮತ್ತು ವಿಶ್ವೇಶ್ವರ ಚಲನೆಯ ಅನುಕರಣೆಯನ್ನು ಜಾಲದ ಜೊತೆ ಸೇರಿಸಿದ್ದು ಈ ಕೊರತೆ ತುಂಬುವ ದಾರಿ. ಮೂಲ ಲೇಖಕರು ತಮ್ಮ ಗೋಲನ್ನು ತಾವೇ ಪರೀಕ್ಷಿಸುತ್ತಾ ಹೋದರು. ಅದನ್ನು ಬಳಸುವ ನಾವು ಮಾತ್ರ ಸಾಫ್ಟ್‌ವೇರ್ ಕೊಟ್ಟ ಮಿತಿಗೇ ನಿಂತುಬಿಟ್ಟಿದ್ದೇವೆ.

ಒಂದೇ ಫೈಲು ನೋಡಿದರೆ ಕಾಣದ್ದು

ಇದರಿಂದ ಏನು ನಷ್ಟ? ಸಿಕಲ್ ಸೆಲ್ ರೋಗವನ್ನು ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲೇ ವಿದರ್ಭ ಮತ್ತು ನಂದುರಬಾರ್ ಕಡೆಯ ಆದಿವಾಸಿ ಕುಟುಂಬಗಳನ್ನು ಇದು ಬಹಳ ಕಾಡುತ್ತದೆ. ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಿರುತ್ತದೆ, ಅಷ್ಟೇ. ಆ ಸ್ಥಾನ ಅಣುವಿನ ಹೊರಮೈ ಮೇಲಿದೆ. ಒಂದೇ ಅಣುವಿನ ಒಳಗಿನ ಸಂಪರ್ಕಗಳನ್ನು ಎಷ್ಟು ಚೆಂದ ಪಟ್ಟಿ ಮಾಡಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ‘ಏನೂ ಆಗಿಲ್ಲ’ ಅಂತ ಬರೆದುಬಿಡಬಹುದು.

ಆದರೆ ಆಮ್ಲಜನಕ ಬಿಟ್ಟ ಸ್ಥಿತಿಯಲ್ಲಿ ಆ ವ್ಯಾಲೀನ್ ಪಕ್ಕದ ಇನ್ನೊಂದು ಹೀಮೋಗ್ಲೋಬಿನ್ನಿನ 85ನೆಯ ಫೀನೈಲಲನೀನ್, 88ನೆಯ ಲ್ಯೂಸೀನ್ ಇರುವ ಗುಳಿಯಲ್ಲಿ ಹೋಗಿ ಕೂಡುತ್ತದೆ. ಹಾಗೆ ಅಣುವಿಗೆ ಅಣು ಸೇರಿ ನಾರಾಗುತ್ತದೆ, ಕೆಂಪು ಕಣ ಕುಡುಗೋಲಿನಂತೆ ಬಾಗುತ್ತದೆ. ರೋಗ ಇರುವುದು ಎರಡು ಅಣುಗಳ ನಡುವಿನ ಸಂಪರ್ಕದಲ್ಲಿ. ಎಲ್ಲಿ ಅಳೆಯಬೇಕು, ಯಾವ ಸ್ಥಿತಿಯಲ್ಲಿ ಅಳೆಯಬೇಕು ಎನ್ನುವುದೂ ಅಳತೆಗೋಲಿನ ಭಾಗವೇ.

ಇನ್ನೊಂದು ನಮ್ಮ ಅಡುಗೆಮನೆಯದ್ದು. ಸೊಲ್ಲಾಪುರ ಜಿಲ್ಲೆಯ ಮಾಲದಂಡಿ ಜೋಳ ನಮಗೆಲ್ಲ ಗೊತ್ತು. ಜೋಳದ ಮುಖ್ಯ ಪ್ರೋಟೀನಿನ ಹೆಸರು ಕಾಫಿರಿನ್. ಹಿಟ್ಟಿಗೆ ನೀರು ಸೇರಿಸಿ ಬೇಯಿಸಿದಾಗ ಅದರ ಸಿಸ್ಟೀನ್ ರೆಸಿಡ್ಯೂಗಳ ನಡುವೆ ಗಂಧಕದ ಸೇತುವೆಗಳು ಹೆಚ್ಚಾಗಿ, ಪ್ರೋಟೀನ್ ಪಚನವಾಗುವುದು ಕಡಿಮೆಯಾಗುತ್ತದೆ. ಆ ಸೇತುವೆಗಳನ್ನು ಮುರಿಯುವ ಪದಾರ್ಥ ಸೇರಿಸಿ ಬೇಯಿಸಿದರೆ ಪಚನ ಸುಧಾರಿಸುತ್ತದೆ ಎಂದು ಹಮಾಕರ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದರು. ಹಸಿ ಕಾಳಿನ ಪ್ರೋಟೀನಿಗೆ ಎಂಥ ಸಂಪರ್ಕ ನಕ್ಷೆ ಬರೆದರೂ ಒಲೆಯ ಮೇಲೆ ಏನಾಗ್ತದ ಅನ್ನೋದು ಅದರಾಗ ಬರಂಗಿಲ್ಲ. ರೊಟ್ಟಿ ತಿನ್ನೋದು ಬಿಡ್ರಿ ಅಂತ ನಾ ಹೇಳಾಕತ್ತಿಲ್ಲ. ಬೇಳೆ, ಪುಂಡಿಪಲ್ಯದ ಜೋಡಿ ತಿನ್ನೋ ಊಟ ಅದು. ಆದರೆ ನಮ್ಮ ನೆಲದ ಬೆಳೆಯ ಬಗ್ಗೆ ಪ್ರಶ್ನೆ ಕೇಳುವಾಗ ಪ್ರಶ್ನೆಗೆ ತಕ್ಕ ಗೋಲು ಬೇಕು.

ಪದದ ತೊಡಕು

ಒಂದು ಮಾತು ಭಾಷೆಯ ಬಗ್ಗೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಕಾಲೇಜಿಗೆ ಬಂದಾಗ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ ಸಿಗುತ್ತದೆ. ಎರಡೂ ಕಡೆ ‘ಸಂಪರ್ಕ’ ಒಂದೇ ಪದ. ಆಕೆ ಅದನ್ನು ‘ಬಂಧ’ ಎಂದು ತಿಳಿದುಕೊಳ್ಳುತ್ತಾಳೆ. ತಪ್ಪು ಆಕೆಯದಲ್ಲ, ನಮ್ಮದು. ದೂರ ಮಾತ್ರ ಅಳೆದಿದ್ದರೆ ‘ನೆರೆ’ ಅನ್ನೋಣ. ಪರಮಾಣುಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ‘ತಾಗು’. ರಾಸಾಯನಿಕವಾಗಿ ಕೂಡಿದ್ದರೆ ಮಾತ್ರ ‘ಬಂಧ’. ಮೂರೂ ಮನೆಮಾತಿನ ಪದಗಳೇ. ಪದ ಸರಿಯಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಉಪಸಂಹಾರ

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಆಲ್ಫಾಫೋಲ್ಡ್ ಬಂದ ಮೇಲೆ ಇದೆಲ್ಲ ಯಾಕ್ರಿ, ಸರ್? ಒಳ್ಳೆಯ ಪ್ರಶ್ನೆ. ಅದರ ಸಾಧನೆಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲೂ ಬಂತು. ಆದರೆ ಅದು ಕೊಡುವುದು ಊಹಿಸಿದ ರಚನೆ, ಜೊತೆಗೆ ಪ್ರತಿ ರೆಸಿಡ್ಯೂವಿಗೆ ಎಷ್ಟು ಭರವಸೆ ಇಡಬಹುದೆಂಬ ಅಂಕ. ಭರವಸೆ ಕಡಿಮೆ ಇರುವ ಜಾಗದಲ್ಲಿ ಸಂಪರ್ಕ ಎಣಿಸಿದರೆ ಊಹೆಯ ಮೇಲೆ ಊಹೆ ಕಟ್ಟಿದಂತೆ. ರಚನೆಗಳು ಸುಲಭವಾಗಿ ಸಿಗುವ ಕಾಲದಲ್ಲಿ ಗೋಲಿನ ಜವಾಬ್ದಾರಿ ಹೆಚ್ಚುತ್ತದೆ.

ಆದ್ದರಿಂದ ಕಿರಿಯರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಪ್ರಬಂಧದಲ್ಲಿ ಮೂರು ಸಾಲು ಬರೆಯಿರಿ: ಯಾವ ಪರಮಾಣುಗಳ ನಡುವೆ, ಎಷ್ಟು ಮಿತಿಯಲ್ಲಿ ಅಳೆದೆ, ಮಿತಿ ಸ್ವಲ್ಪ ಆಚೀಚೆ ಮಾಡಿದರೆ ಉತ್ತರ ಉಳಿಯುತ್ತದೆಯೇ, ಈ ರಚನೆ ಯಾವ ಸ್ಥಿತಿಯದು. ಉತ್ತರ ಉಳಿಯದಿದ್ದರೆ ಅದನ್ನೂ ಬರೆಯಿರಿ, ನಾಚಿಕೆ ಬ್ಯಾಡ. ರಾಮಚಂದ್ರನ್ ನಕ್ಷೆ ಹುಟ್ಟಿದ್ದೇ ‘ನಿಮ್ಮ ಪರಮಾಣುಗಳು ಅತಿ ಹತ್ತಿರ ಅದಾವ’ ಅನ್ನೋ ಒಂದು ಆಕ್ಷೇಪದಿಂದ. ನಿಮಗೂ ಅಂಥ ಆಕ್ಷೇಪ ಬರಲಿ, ನೀವೂ ಅದನ್ನು ಹಾಗೇ ಎದುರಿಸಿರಿ.