ಪಡುಗಾಳಿಗೆ ತೆರೆದ ಗೋದಾಮು

ಮೂಡಿಗೆರೆಯಲ್ಲಾಗಲಿ, ಕಳಸದಲ್ಲಾಗಲಿ, ಯಾವ ಹೋಂಸ್ಟೇಯಲ್ಲಿ ಕೂತರೂ ಕಾಫಿಯ ಕಥೆ ಒಂದೇ. ಬಾಬಾಬುಡನ್ ಯೆಮನ್ನಿನ ಮೋಖಾದಿಂದ ಏಳು ಬೀಜ ತಂದರು, ಗಿರಿಯ ಮೇಲೆ ಬಿತ್ತಿದರು, ನಾಡೆಲ್ಲ ಕಾಫಿಯಾಯಿತು. ಕೇಳಿದವರು ತಲೆದೂಗಿ, ಮುಳ್ಳಯ್ಯನಗಿರಿಯ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಆ ಕಾಫಿ ಕೊಯ್ದ ಮೇಲೆ ಎಲ್ಲಿಗೆ ಹೋಯಿತು, ಯಾರ ಕೈಯಲ್ಲಿ ಹದವಾಯಿತು ಎಂದು ಕೇಳುವವರಿಲ್ಲ. ಘಟ್ಟದ ಕೆಳಗೂ ಇದೇ ಕಥೆ. ಮಂಗಳೂರಿನ ಹಳೆಯ ಪಟ್ಟಣವನ್ನು ತೋರಿಸಲು ಹೊರಟವರು ಬಾವುಟಗುಡ್ಡೆಯ ಮೇಲೆ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ಬಂದರು ಎಂದರೆ ಅವರಿಗೆ ಒಣಮೀನಿನ ವಾಸನೆ ಮತ್ತು ಲಾರಿಗಳ ಸಂದಣಿ.

ಈ ಎರಡು ಅರ್ಧ ಕಥೆಗಳಿಗೂ ಬೇಕಾದಷ್ಟು ಹೊಗಳಿಕೆ ಸಂದಿದೆ. ಇವೆರಡನ್ನೂ ಕೂಡಿಸುವ ಹಳೆ ಬಂದರು ಮಾತ್ರ ಅನಾಥವಾಗಿದೆ. ಕರ್ನಾಟಕದ ಕರಾವಳಿಯಲ್ಲಿ ಮನುಷ್ಯರು ಕಟ್ಟಿದ ಅತ್ಯಂತ ವಿವೇಕದ ಕೆಲಸ ಈ ಬಂದರು ಕೇರಿ ಎಂಬುದು ನನ್ನ ನಿಲುವು.

ಮೊದಲು ನೆಲವನ್ನು ನೋಡಬೇಕು. ಮಂಗಳೂರು ಮುರಕಲ್ಲಿನ ಗುಡ್ಡೆಗಳ ಊರು. ಆ ಗುಡ್ಡೆಗಳು ಪಡುವಣಕ್ಕೆ ಇಳಿಯುತ್ತಾ ಹೋಗಿ ಫಲ್ಗುಣಿ ನದಿಯ ದಂಡೆಯಲ್ಲಿ ನಿಲ್ಲುತ್ತವೆ. ಆಚೆ ಬೆಂಗ್ರೆಯ ಮರಳುಪಟ್ಟಿ, ಅದರಾಚೆ ಸಮುದ್ರ. ನಕ್ಷೆ ಬೇಡ, ಹೆಸರುಗಳೇ ಸಾಕು. ಎತ್ತರಕ್ಕೆ ಬಾವುಟಗುಡ್ಡೆ, ಗದ್ದೆಯ ತಗ್ಗಿಗೆ ಕೊಡಿಯಾಲ್‌ಬೈಲ್, ದಾರಿಹೋಕರು ನೀರು ಕುಡಿದು ಕೂರುವಲ್ಲಿ ಹಂಪನಕಟ್ಟೆ, ಮರಳು ಸಿಗುವಲ್ಲಿ ಹೊಯಿಗೆಬಜಾರ್. ಗುಡ್ಡೆ, ಬೈಲು, ಕಟ್ಟೆ, ಹೊಯಿಗೆ: ನೆಲದ ಏರಿಳಿತವನ್ನು ಹೆಸರುಗಳೇ ಹೇಳುತ್ತವೆ. ಯಾವ ಎಂಜಿನಿಯರೂ ಗೆರೆ ಎಳೆಯದ ಈ ಊರಿನಲ್ಲಿ ಹೊರೆ ಹೊತ್ತವನ ಕಾಲೇ ರಸ್ತೆಯನ್ನು ಗೊತ್ತುಮಾಡಿದೆ. ಬಂದರಿನ ಓಣಿಗಳು ನದಿಯ ಕಡೆಗೆ ಓಡುವುದು ಅದಕ್ಕೇ. ಒಂದು ತುದಿಯಲ್ಲಿ ಗಾಡಿ, ಇನ್ನೊಂದು ತುದಿಯಲ್ಲಿ ಧಕ್ಕೆ, ನಡುವೆ ಮಂಡಿ. ಇದನ್ನು ಯೋಜನೆಯಿಲ್ಲದ ಕಿಷ್ಕಿಂಧೆ ಎಂದು ಬರೆಯುವವರು ಒಮ್ಮೆಯಾದರೂ ಮೂಟೆಯ ಹಿಂದೆ ನಡೆದು ನೋಡಬೇಕು.

ಏಳು ಬೀಜದ ಕಥೆಯನ್ನು ಒಬ್ಬ ಸಂತನ ಒಂಟಿ ಪವಾಡವೆಂಬಂತೆ ಹೇಳುವವರಿಗೂ ಇಲ್ಲಿ ಉತ್ತರವಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿನ ಜೊತೆ ವ್ಯಾಪಾರ ಮಾಡುತ್ತಿದ್ದ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಹೆಚ್ಚಾಗಿ ಇಳಿಯುವ ಊರು ಇದೇ ಎಂದು ಬರೆದಿಟ್ಟ. ಯೆಮನ್ನಿಗೂ ನಮ್ಮ ಕರಾವಳಿಗೂ ನಡುವಿನ ಸಮುದ್ರದ ದಾರಿ ಬಾಬಾಬುಡನ್ ಹುಟ್ಟುವ ಮೊದಲೇ ಸವೆದು ನುಣುಪಾಗಿತ್ತು. ಬೀಜ ತಂದ ಕೈಯ ಬಗ್ಗೆ ನನಗೆ ಭಕ್ತಿಯೇ ಇದೆ. ಆದರೆ ಬಂದರಿಲ್ಲದೆ ಗಿರಿಯಿಲ್ಲ.

ಇನ್ನು ಬಾವುಟಗುಡ್ಡೆಯ ಹೆಸರಿನ ಜಗಳ. 1837ರ ಏಪ್ರಿಲ್‌ನಲ್ಲಿ ಸುಳ್ಯ ಸೀಮೆಯಿಂದ ದಂಡೆತ್ತಿ ಬಂದ ರೈತರು ಈಸ್ಟ್ ಇಂಡಿಯಾ ಕಂಪನಿಯವರನ್ನು ಓಡಿಸಿ ಇಲ್ಲಿ ತಮ್ಮ ಬಾವುಟ ಹಾರಿಸಿದರು, ಹೆಸರು ಬಂದದ್ದು ಅದರಿಂದ ಎಂದು ಒಂದು ಪಕ್ಷ. 2022ರಲ್ಲಿ ಆ ರೈತರ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅಲ್ಲಿ ನಿಂತ ಮೇಲೆ ಈ ಮಾತಿಗೆ ಬಲ ಬಂದಿದೆ. ಹಡಗುಗಳಿಗೆ ಸೂಚನೆ ಕೊಡಲು ಏರಿಸುತ್ತಿದ್ದ ಬಾವುಟದಿಂದ ಹೆಸರು ಬಂತು ಎಂದು ಇನ್ನೊಂದು ಪಕ್ಷ. ಆ ರೈತರ ಹೋರಾಟಕ್ಕೆ ಪಠ್ಯಗಳಲ್ಲಿ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲವೆಂದು ನಂಬಿರುವವನು ನಾನು. ಆದರೂ ಎರಡೂ ಕಡೆಯವರ ಬರಹ ಓದಿದಾಗ ಒಂದು ಅಸಮಾಧಾನ ಉಳಿಯುತ್ತದೆ. ಬಾವುಟ ಯಾರದು ಎಂದು ಪುಟಗಟ್ಟಲೆ ವಾದಿಸುವ ಇವರು, ಅದು ಯಾರ ಕಣ್ಣಿಗೆ ಎಂದು ಕೇಳುವುದೇ ಇಲ್ಲ. ಹಡಗಿನವನಿಗಾಗಿ ಏರಿದ ಬಾವುಟವೂ, ಕಂಪನಿಯವನಿಗಾಗಿ ಏರಿದ ಬಾವುಟವೂ ಕೆಳಗಿನಿಂದ ಕಾಣಲೆಂದೇ ಏರಿದವು. ಧಕ್ಕೆಯಲ್ಲಿ ನಿಂತು ತಲೆಯೆತ್ತಿದವನಿಗೇ ಆ ಗುಡ್ಡೆಯ ಅರ್ಥ. ನಮ್ಮ ಸಂಶೋಧಕರು ಗುಡ್ಡೆಯ ಮೇಲೆಯೇ ನಿಂತು ಗುಡ್ಡೆಯನ್ನು ಹುಡುಕುತ್ತಿದ್ದಾರೆ.

ಅದೇ ಗುಡ್ಡೆಯ ಮೇಲೆ 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯ ಆಂಟೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿಗಳ ಮೇಲೆ ಬರೆದ ಚಿತ್ರಗಳು ಚೆನ್ನಾಗಿವೆ, ನಿಜ. ಆದರೆ ಅಂಥ ಚಾಪೆಲ್ ಇಟಲಿಯಲ್ಲಿ ಇನ್ನೂ ಹತ್ತಾರು ಸಿಗುತ್ತವೆ. ಕೆಳಗಿನ ಬಂದರಿನ ಕಾಫಿ ಗೋದಾಮು ಮಲಬಾರ್ ಕರಾವಳಿಯ ಮಳೆಗಾಲ ಬಿಟ್ಟು ಬೇರೆಲ್ಲೂ ಹುಟ್ಟುವಂಥದ್ದಲ್ಲ.

ಆ ಗೋದಾಮಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಘಟ್ಟದ ಮೇಲೆ ನಮ್ಮ ಕಾಫಿ ತೋಟದ ಕಣದಲ್ಲಿ ಮಂಜು, ಮೋಡ, ಅಡ್ಡಮಳೆ. ಪಾರ್ಚ್‌ಮೆಂಟ್ (ಹಣ್ಣು ಸುಲಿದು ತೊಳೆದ, ಒಳಸಿಪ್ಪೆ ಇರುವ ಬೀಜ) ಪೂರ್ತಿ ಒಣಗುವ ಭರವಸೆಯಿಲ್ಲ. ಹಾಗಾಗಿ ಹಿಂದಿನವರು ಅದನ್ನು ಗಾಡಿಯಲ್ಲಿ ಘಟ್ಟ ಇಳಿಸುತ್ತಿದ್ದರು. ಬಂಟ್ವಾಳದವರೆಗೆ ಗಾಡಿ, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿ. ಕರಾವಳಿಯ ಬಿಸಿಲಿನಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಹೆಂಗಸರು ಸಾಲಾಗಿ ಕೂತು ಒಂದೊಂದೇ ಬೀಜ ಹೆಕ್ಕಿ ಹಸನು ಮಾಡಿದ ಮೇಲೆ ಅದು ಮಾರುವ ಕಾಫಿ ಎನಿಸಿಕೊಳ್ಳುತ್ತಿತ್ತು. ಹಡಗು ದಡಕ್ಕೆ ಬರುವಂತಿರಲಿಲ್ಲ. ಅಳಿವೆಯ ಮರಳು ಬಿಡುತ್ತಿರಲಿಲ್ಲ. ಹಡಗುಗಳು ಹೊರಗೆ ಲಂಗರು ಹಾಕಿ ನಿಲ್ಲುತ್ತಿದ್ದವು, ದೋಣಿಗಳು ಮೂಟೆ ಮುಟ್ಟಿಸುತ್ತಿದ್ದವು. ಪಣಂಬೂರಿನಲ್ಲಿ ಹೊಸ ಬಂದರು ಆಗುವ 1970ರ ದಶಕದವರೆಗೂ ಇದೇ ರೂಢಿ.

ಹಾಯಿ ಹಡಗುಗಳಿಗೆ ಆಫ್ರಿಕಾ ಸುತ್ತಿಕೊಂಡು ಯುರೋಪು ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಒಡಲಿನ ತೇವಕ್ಕೆ ಬೀಜ ಉಬ್ಬಿ ಹಳದಿಯಾಗಿ, ಹುಳಿ ಕಳೆದುಕೊಂಡು ಮೆತ್ತಗಾಗುತ್ತಿತ್ತು. ಅಲ್ಲಿನವರ ನಾಲಿಗೆ ಆ ರುಚಿಗೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಕಾಫಿ ಹಸಿರಾಗಿಯೇ ಬೇಗ ತಲುಪತೊಡಗಿದಾಗ ಅವರಿಗೆ ಹಿಡಿಸಲಿಲ್ಲ. ಆಗ ಇಲ್ಲಿನವರು ಬೀಜಕ್ಕೆ ತೇವ ಉಣಿಸುವ ಆ ಕೆಲಸವನ್ನು ದಡದ ಮೇಲೆಯೇ ಮಾಡಲು ನಿಂತರು.

ಇದನ್ನೆಲ್ಲ ಆಕಸ್ಮಿಕದ ಕಥೆ ಎಂದು ಬರೆಯುವುದು ಕಾಫಿ ಬರಹಗಾರರಿಗೆ ಅಭ್ಯಾಸವಾಗಿದೆ. ನನ್ನ ತಕರಾರು ಇದೇ. ಆಕಸ್ಮಿಕ ನಡೆದದ್ದು ಹಡಗಿನಲ್ಲಿ. ಗೋದಾಮಿನಲ್ಲಿ ನಡೆದದ್ದು ಲೆಕ್ಕಾಚಾರ. ಗೋದಾಮು ಎಂದರೆ ಮಳೆಗಾಳಿಯನ್ನು ಹೊರಗಿಡುವ ಕಟ್ಟಡ. ಬಂದರಿನ ಈ ಗೋದಾಮು ಮಳೆಯನ್ನು ಮಾತ್ರ ಹೊರಗಿಟ್ಟು ಗಾಳಿಯನ್ನು ಒಳಗೆ ಕರೆಯುತ್ತದೆ. ಮೇಲೆ ತಗ್ಗಾಗಿ ಇಳಿದ ಹಂಚಿನ ಮಾಡು, ಕೆಳಗೆ ಎತ್ತರದ ಜಗಲಿ, ಸಮುದ್ರದ ಕಡೆಗೆ ತೆರೆದ ಬದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆರ್ರಿ ಕಾಫಿಯನ್ನು (ಹಣ್ಣನ್ನು ಇಡಿಯಾಗಿ ಒಣಗಿಸಿ ಸುಲಿದ ಬೀಜವನ್ನು) ಅರ್ಧ ಗೇಣು ದಪ್ಪ ಹರಡಿ ಆಗಾಗ ಕೆದಕುತ್ತಾರೆ. ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿ, ಗಾಳಿ ನುಸುಳುವಷ್ಟು ಸಂದು ಬಿಟ್ಟು ಸಾಲು ಒಟ್ಟುತ್ತಾರೆ. ಮತ್ತೆ ಸುರಿದು, ಮತ್ತೆ ತುಂಬುತ್ತಾರೆ. ಮೂರು ತಿಂಗಳಾಗುವಾಗ ಬೀಜ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಲೋಕ ಅದನ್ನು ಮಾನ್ಸೂನ್ಡ್ ಮಲಬಾರ್ ಎಂದು ಕೊಳ್ಳುತ್ತದೆ.

ತಿಂಗಳುಗಳನ್ನು ಗಮನಿಸಿ. ಸಮುದ್ರ ಕೆರಳಿ ಹಳೆ ಬಂದರು ಮುಚ್ಚಿಕೊಳ್ಳುತ್ತಿದ್ದುದು ಇದೇ ಜೂನ್‌ನಿಂದ ಸೆಪ್ಟೆಂಬರ್. ಹಡಗಿಲ್ಲ, ದೋಣಿಯಿಲ್ಲ, ಧಕ್ಕೆಯಲ್ಲಿ ಕೆಲಸವಿಲ್ಲ. ಯಾವ ಗಾಳಿ ಬಂದರನ್ನು ಮುಚ್ಚಿಸುತ್ತಿತ್ತೋ ಅದೇ ಗಾಳಿಯನ್ನು ಈ ಜನ ಕೆಲಸಕ್ಕೆ ಹಚ್ಚಿದರು. ಒಂದು ಕೇರಿಯ ಬುದ್ಧಿವಂತಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಆದರೂ ಪಾರಂಪರಿಕ ಕಟ್ಟಡಗಳ ಮಾತು ಬಂದಾಗಲೆಲ್ಲ ಚಾಪೆಲ್ಲಿಗೆ ಮೊದಲ ಮಣೆ, ಗೋದಾಮಿಗೆ ಹೊಸ್ತಿಲೂ ಇಲ್ಲ.

ಕಳೆದ ಜುಲೈಯಲ್ಲಿ ಕಾಫಿ ಹದ ಮಾಡುವ ಹಳೆಯದೊಂದು ಗೋದಾಮಿಗೆ ಹೋಗಿದ್ದೆ. ನಾನು ನಮ್ಮ ತೋಟದ ಚೆರ್ರಿಯನ್ನು ಒಂದು ಹಿಡಿ ಜೇಬಿನಲ್ಲಿ ಒಯ್ದಿದ್ದೆ. ಮೇಸ್ತ್ರಿ ಅದನ್ನು ಎಡ ಅಂಗೈಯಲ್ಲಿ ಹಾಕಿಸಿಕೊಂಡು, ಬಲ ಅಂಗೈಯಲ್ಲಿ ಅಲ್ಲಿನ ಬೀಜ ಹಿಡಿದು ಪಕ್ಕಪಕ್ಕ ತೋರಿಸಿದರು. ನಮ್ಮದು ಬೂದುಹಸಿರು, ಸಣಕಲು. ಅವರದು ಅದರ ಒಂದೂವರೆಯಷ್ಟು ಉಬ್ಬಿ ಬೆಳ್ಳಗಾಗಿತ್ತು. ಗೋಣಿಯ ಸಾಲುಗಳು ನಾನು ನೆನೆಸಿದ ಹಾಗೆ ಪಡುವಣಕ್ಕೆ ಬಾಯಿ ಮಾಡಿರಲಿಲ್ಲ, ಓರೆಯಾಗಿದ್ದವು. ಯಾಕೆಂದು ಕೇಳಿದೆ. ಅವರು ಎದುರಿಗೆ ಎದ್ದಿದ್ದ ಹತ್ತಾರು ಮಾಳಿಗೆಯ ಹೊಸ ಕಟ್ಟಡದ ಕಡೆ ಗಲ್ಲ ಎತ್ತಿ ತೋರಿಸಿದರು.

"ಅದು ಎದ್ದ ಮೇಲೆ ಗಾಳಿ ನೇರ ಬರುದಿಲ್ಲ ಮಾರಾಯ್ರೆ. ಬದಿಯಿಂದ ಸ್ವಲ್ಪ ನುಗ್ತದೆ. ಹಾಗೆ ಸಾಲು ತಿರುಗಿಸಿದ್ದು."