ಲಾಗ್ ಕಟ್ಟುವ ಕೈ

ಜೆ.ಪಿ. ನಗರದ ಆಫೀಸೊಂದರಲ್ಲಿ ಗೆಳೆಯ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ರಿಸ್ಟೋರ್ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮಧ್ಯಾಹ್ನ 2:41ಕ್ಕೆ ಯಾರೋ ಷರತ್ತಿಲ್ಲದ ಡಿಲೀಟ್ ಓಡಿಸಿ ಆರ್ಡರ್ ಟೇಬಲ್ಲನ್ನೇ ಗುಡಿಸಿಹಾಕಿದ್ದರು. ಸುತ್ತ ಗಲಾಟೆ, ಇವನಿಗೆ ಅವಸರವಿಲ್ಲ. ಮೊದಲು ತೆಗೆದದ್ದು ಲಾಗಿನ, ಅಂದರೆ ಬದಲಾವಣೆಗಳ ದಾಖಲೆಯ, ಬಾಲದ ಬ್ಯಾಕಪ್. ಅದಿಲ್ಲದಿದ್ದರೆ ಕೊನೆಯ ಕೆಲವು ನಿಮಿಷಗಳ ಆರ್ಡರ್‌ಗಳು ಗಂಗಾರ್ಪಣ.

ಆಮೇಲೆ ರಾತ್ರಿಯ ಫುಲ್ ಬ್ಯಾಕಪ್, ಬೇರೆ ಹೆಸರಿನಲ್ಲಿ, ‘ನೋರಿಕವರಿ’ ಸೇರಿಸಿ. ಆ ಪದ ಮರೆತರೆ ಡೇಟಾಬೇಸ್ ಬಾಗಿಲು ತೆರೆದುಬಿಡುತ್ತದೆ. ಮುಂದಿನ ಲಾಗ್ ಒಳಗೆ ಹೋಗುವುದೇ ಇಲ್ಲ. ನಂತರ ಲಾಗ್‌ಗಳು ಒಂದರ ಹಿಂದೊಂದು, ಸರಪಳಿಯ ಹಾಗೆ. ನಡುವೆ ಒಂದು ಕೊಂಡಿ ಕಳೆದರೂ ಆಚೆಯವೆಲ್ಲ ದಂಡ. ಕೊನೆಯದಕ್ಕೆ ‘ಸ್ಟಾಪ್‌ಅಟ್’, 14:40:30, ಡಿಲೀಟ್‌ಗೆ ತುಸು ಮುಂಚೆ ನಿಲ್ಲಲು.

ನನಗೆ ಅತಿ ಇಷ್ಟವಾದದ್ದು ರಿಸ್ಟೋರ್‌ನ ಒಳಗಿನ ನಡೆ. ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ವಿಧಾನದ ಜಾಡು ಅದು: ಅರ್ಧಕ್ಕೆ ನಿಂತ ವ್ಯವಹಾರವನ್ನೂ ಮೊದಲು ಚಾಚೂ ತಪ್ಪದೆ ಮರುನಡೆಸಿ, ಬಳಿಕ ಹಿಂದಕ್ಕೆ ಬಿಚ್ಚುವುದು. ಎಂಥ ಪ್ರಾಮಾಣಿಕತೆ!

ಕೊನೆಗೆ ಗೆಳೆಯ ಆ ಬೇರೆ ಹೆಸರಿನ ಪ್ರತಿಯಿಂದ ಅಳಿದ ಸಾಲುಗಳನ್ನಷ್ಟೇ ಹೆಕ್ಕಿ ಮೂಲ ಟೇಬಲ್ಲಿಗೆ ಸೇರಿಸಿದ. ತಿಂಗಳಿಗೊಮ್ಮೆ ಸುಮ್ಮನೆ ರಿಸ್ಟೋರ್ ಅಭ್ಯಾಸ ಮಾಡುತ್ತಾನಂತೆ. ಮ್ಯಾನೇಜರ್ ಅದನ್ನು ಕೆಲಸವಿಲ್ಲದವನ ಕೆಲಸ ಅನ್ನುತ್ತಿದ್ದರಂತೆ, ಆ ಮಧ್ಯಾಹ್ನದವರೆಗೆ.